ಉಳಿದ ಬ್ಯಾಟಿಂಗ್ ತುಂಡುಗಳನ್ನು ಜೋಡಿಸಿ ಕ್ವಿಲ್ಟಿಗೆ ಬಳಸುವ ಬಗೆ

ಪದರಗಳನ್ನು ಕೂಡಿಸಿ ಹೊಲಿಯುವ ಹೊದಿಕೆಯಾದ ಕ್ವಿಲ್ಟನ್ನು ದೊಡ್ಡ ಅಳತೆಯಲ್ಲಿ ಹೊಲಿದು ಮುಗಿಸಿದಾಗ ಉಳಿಯುವ ಬ್ಯಾಟಿಂಗ್ (ಒಳಗೆ ಹಾಸುವ ಮೆತ್ತನೆಯ ಹಾಳೆ) ತುಂಡುಗಳು ಸಾಮಾನ್ಯವಾಗಿ ಉದ್ದಕ್ಕೆ ಧಾರಾಳವಾಗಿದ್ದು ಅಗಲಕ್ಕೆ ಕಡಿಮೆ ಬೀಳುತ್ತವೆ. ಒಂದೊಂದನ್ನೇ ನೋಡಿದರೆ ಯಾವುದಕ್ಕೂ ಸಾಲುವುದಿಲ್ಲ, ಎಸೆಯಲು ಮನಸ್ಸೂ ಬರುವುದಿಲ್ಲ. ಒಂದು ಲೆಕ್ಕ ನೋಡೋಣ. 90 ಇಂಚು ಅಗಲ, 108 ಇಂಚು ಉದ್ದದ ಹಾಳೆಯಿಂದ ದಿವಾನಿನ ಅಳತೆಯ ಕ್ವಿಲ್ಟಿಗೆಂದು 66 ಇಂಚು ಅಗಲ, 84 ಇಂಚು ಉದ್ದದ ತುಂಡನ್ನು ಕತ್ತರಿಸಿಕೊಂಡರೆ 24 ಇಂಚು ಅಗಲ, 108 ಇಂಚು ಉದ್ದದ ಪಟ್ಟಿಯೊಂದು ಉಳಿಯುತ್ತದೆ. ಅದರ ಜೊತೆಗೆ 66 ಇಂಚು ಮತ್ತು 24 ಇಂಚಿನ ಇನ್ನೊಂದು ತುಂಡೂ ಉಳಿಯುತ್ತದೆ. ಮೊದಲನೆಯ ಪಟ್ಟಿಯೊಂದರಿಂದಲೇ, ಒಂದೇ ಒಂದು ಜೋಡಣೆಯಲ್ಲಿ, ಕೂಸಿನ ಕ್ವಿಲ್ಟಿಗೆ ಬೇಕಾದಷ್ಟು ಬ್ಯಾಟಿಂಗ್ ಸಿದ್ಧಪಡಿಸಿಕೊಳ್ಳಬಹುದು. ಅದನ್ನು ಮಾಡುವ ಕ್ರಮವನ್ನು ಈ ಲೇಖನದಲ್ಲಿ ವಿವರವಾಗಿ ಬರೆದಿದ್ದೇನೆ.

ಬ್ಯಾಟಿಂಗ್ ಎಂದರೆ ಕ್ವಿಲ್ಟಿನ ಮೇಲುಬಟ್ಟೆಗೂ ಅಡಿಬಟ್ಟೆಗೂ ನಡುವೆ ಕೂರುವ ಹತ್ತಿಯ, ಪಾಲಿಯೆಸ್ಟರಿನ, ಉಣ್ಣೆಯ ಅಥವಾ ಇವುಗಳ ಮಿಶ್ರಣದ ಮೆತ್ತನೆಯ ಹಾಳೆ. ಕೆಲವರು ಇದನ್ನು ವ್ಯಾಡಿಂಗ್ ಎನ್ನುತ್ತಾರೆ. ಉತ್ತರ ಕರ್ನಾಟಕದ ಕೌದಿಯಲ್ಲಿ ಈ ಹಾಳೆಯ ಕೆಲಸವನ್ನು ಹಳೆಯ ಸೀರೆ, ಧೋತರಗಳ ಪದರಗಳೇ ಮಾಡುತ್ತವೆ. ಅಲ್ಲಿ ಒಳಗಿನ ಬಟ್ಟೆ ಎಷ್ಟು ತುಂಡಾಗಿದ್ದರೂ ತೊಂದರೆಯಾಗುವುದಿಲ್ಲ, ಏಕೆಂದರೆ ಬೆರಳಗಲಕ್ಕೊಂದು ಸಾಲಿನಂತೆ ಒತ್ತಾಗಿ ಬರುವ ಹೊಲಿಗೆ ಪ್ರತಿಯೊಂದು ತುಂಡನ್ನೂ ಹಿಡಿದಿಡುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನ ಕಡೆಗೆ ಹೊಲಿದುಕೊಂಡು ಹೋಗುವ ಕೌದಿಯಲ್ಲಿಯೂ ಹೀಗೆಯೇ. ಬ್ಯಾಟಿಂಗ್ ಹಾಕಿದ ಕ್ವಿಲ್ಟಿನಲ್ಲಿ ಹೊಲಿಗೆಯ ಸಾಲುಗಳ ನಡುವೆ ಮೂರು ನಾಲ್ಕು ಇಂಚು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಅಂತರವಿರುತ್ತದೆ. ಆದ್ದರಿಂದ ಒಳಗಿನ ಜೋಡಣೆ ತನ್ನಷ್ಟಕ್ಕೆ ತಾನೇ ನಿಲ್ಲುವಂತಿರಬೇಕು. ಅದು ದಪ್ಪವಾಗಿ ಏಣು ಕಟ್ಟಬಾರದು, ಬಿಟ್ಟುಕೊಂಡು ತಗ್ಗೂ ಆಗಬಾರದು.

ನಾನು ಮೊದಲ ಬಾರಿ ಬ್ಯಾಟಿಂಗ್ ಜೋಡಿಸಿದಾಗ ಬಟ್ಟೆ ಹೊಲಿಯುವಂತೆ ಒಂದು ತುಂಡಿನ ಅಂಚಿನ ಮೇಲೆ ಇನ್ನೊಂದರ ಅಂಚನ್ನು ಅರ್ಧ ಇಂಚು ಏರಿಸಿ ಹೊಲಿದಿದ್ದೆ. ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು. ಕ್ವಿಲ್ಟ್ ಮುಗಿದು ಹಾಸಿದಾಗ ಕಣ್ಣಿಗೆ ಏನೂ ಕಾಣಲಿಲ್ಲ, ಆದರೆ ಅಂಗೈ ಸವರಿದರೆ ಆ ಜಾಗದಲ್ಲಿ ಹಗ್ಗ ಹಾಯಿಸಿದಂತೆ ಒಂದು ಏಣು ಸಿಗುತ್ತಿತ್ತು. ಎರಡು ಮೂರು ಬಾರಿ ಒಗೆದ ಮೇಲೆ ಆ ಏಣಿನ ಮೇಲಿನ ಬಟ್ಟೆಯೇ ಮೊದಲು ಸವೆದು ಬಣ್ಣ ಬಿಟ್ಟಿತು. ಅಂದಿನಿಂದ ನಾನು ಪ್ರತಿ ಜೋಡಣೆಯನ್ನೂ ಕಣ್ಣು ಮುಚ್ಚಿ ಅಂಗೈಯಿಂದ ಸವರಿಯೇ ಪರೀಕ್ಷಿಸುತ್ತೇನೆ. ಜೋಡಿಸಿದ ಜಾಗ ಅಂಗೈಗೆ ಗೊತ್ತಾಗದಿದ್ದರೆ ಕೆಲಸ ಸರಿಯಾಗಿದೆ ಎಂದು ತಿಳಿಯಬಹುದು.

ಯಾವ ತುಂಡಿಗೆ ಯಾವುದು ಜೊತೆ

ಸೂಜಿ ಹಿಡಿಯುವುದಕ್ಕೆ ಮೊದಲು ಮಾಡಬೇಕಾದ ಆಯ್ಕೆಯೇ ಈ ಕೆಲಸದ ಮುಕ್ಕಾಲು ಭಾಗ. ಒಂದೇ ಹಾಳೆಯಿಂದ ಬಂದ ತುಂಡುಗಳನ್ನು ಜೋಡಿಸುವುದು ಎಲ್ಲಕ್ಕಿಂತ ಒಳ್ಳೆಯದು. ಅದಾಗದಿದ್ದರೆ ಒಂದೇ ಕಂಪನಿಯ ಒಂದೇ ಬಗೆಯವಾದರೂ ಆಗಿರಲಿ. ಹತ್ತಿಯ ತುಂಡಿಗೆ ಪಾಲಿಯೆಸ್ಟರಿನ ತುಂಡನ್ನು ಮಾತ್ರ ಎಂದೂ ಜೋಡಿಸಬಾರದು, ಏಕೆಂದರೆ ಎರಡೂ ನೀರಿಗೆ ಬಿದ್ದಾಗ ಬೇರೆ ಬೇರೆ ರೀತಿಯಲ್ಲಿ ನಡೆದುಕೊಳ್ಳುತ್ತವೆ. ಹತ್ತಿಯ ಬ್ಯಾಟಿಂಗ್ ಮೊದಲ ಒಗೆತಕ್ಕೆ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ, ಪಾಲಿಯೆಸ್ಟರ್ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. 50 ಇಂಚು ಉದ್ದದ ಜೋಡಣೆಯಲ್ಲಿ ಹತ್ತಿಯ ಬದಿ ಒಂದೂವರೆಯಿಂದ ಎರಡೂವರೆ ಇಂಚಿನಷ್ಟು ಗಿಡ್ಡವಾಗಿ ಪಾಲಿಯೆಸ್ಟರಿನ ಬದಿ ಇದ್ದಂತೆಯೇ ಇದ್ದರೆ, ಕ್ವಿಲ್ಟಿನ ಒಂದು ಅರ್ಧ ನೆರಿಗೆಗಟ್ಟಿ ಇನ್ನೊಂದರ್ಧ ಚಪ್ಪಟೆಯಾಗಿ ಉಳಿಯುತ್ತದೆ. ಒಮ್ಮೆ ಹಾಗಾದ ಮೇಲೆ ಸರಿಪಡಿಸಲು ಕ್ವಿಲ್ಟನ್ನೇ ಬಿಚ್ಚಬೇಕಾಗುತ್ತದೆ.

ಹೆಸರು ಮರೆತುಹೋದ ತುಂಡು ಯಾವ ಜಾತಿಯದೆಂದು ತಿಳಿಯಲು ಒಂದು ಎಳೆಯನ್ನು ಸುಟ್ಟು ನೋಡಬಹುದು. ಸ್ಟೀಲ್ ತಟ್ಟೆಯ ಮೇಲೆ, ಚಿಮಟದಲ್ಲಿ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡೇ ಇದನ್ನು ಮಾಡಬೇಕು. ಹತ್ತಿ ಕಾಗದದಂತೆ ಉರಿದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ತಣ್ಣಗಾದ ಮೇಲೆ ಗಟ್ಟಿ ಮಣಿಯಂತೆ ಕೂರುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಬೂದಿ ಮತ್ತು ಗಟ್ಟಿ ಮಣಿ ಎರಡೂ ಕಂಡರೆ ಅದು ಮಿಶ್ರಣ. ಅಂಗಡಿಗಳಲ್ಲಿ ಸಿಗುವ ಮಿಶ್ರಣಗಳಲ್ಲಿ 80 ಭಾಗ ಹತ್ತಿ ಮತ್ತು 20 ಭಾಗ ಪಾಲಿಯೆಸ್ಟರ್ ಇರುವುದು ಹೆಚ್ಚು ಬಳಕೆಯಲ್ಲಿದೆ.

ಜಾತಿ ಒಂದೇ ಆದರೂ ಬೇರೆ ಬೇರೆ ಹಾಳೆಗಳಿಂದ ಬಂದ ತುಂಡುಗಳಾಗಿದ್ದರೆ ಕುಗ್ಗುವಿಕೆಯನ್ನು ಅಳೆದು ನೋಡುವುದು ಒಳ್ಳೆಯದು. ಪ್ರತಿಯೊಂದರಿಂದಲೂ 10 ಸೆಂಟಿಮೀಟರಿನ ಚೌಕವನ್ನು ಕತ್ತರಿಸಿ, ಹಳೆಯ ಬಟ್ಟೆಯ ಎರಡು ತುಂಡುಗಳ ನಡುವೆ ಇಟ್ಟು ಸುತ್ತಲೂ ಮತ್ತು ಅಡ್ಡಕ್ಕೊಮ್ಮೆ ಹೊಲಿದು, ಮನೆಯಲ್ಲಿ ಕ್ವಿಲ್ಟನ್ನು ಹೇಗೆ ಒಗೆಯುತ್ತೀರೋ ಹಾಗೆಯೇ ಒಗೆದು ಒಣಗಿಸಬೇಕು. ಈ ಬಟ್ಟೆಯನ್ನು ಮೊದಲೇ ಹಲವು ಬಾರಿ ಒಗೆದಿರಬೇಕು, ಇಲ್ಲದಿದ್ದರೆ ಬಟ್ಟೆ ಕುಗ್ಗಿದ್ದನ್ನೇ ಬ್ಯಾಟಿಂಗ್ ಕುಗ್ಗಿತೆಂದು ತಿಳಿದುಬಿಡುತ್ತೇವೆ. ಈ ಅಳತೆಯ ಚೌಕದಲ್ಲಿ ಒಂದು ಮಿಲಿಮೀಟರ್ ಕುಗ್ಗಿದರೆ ನೂರಕ್ಕೆ ಒಂದು ಎಂದರ್ಥ. ಎರಡು ತುಂಡುಗಳ ನಡುವೆ ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಾನು ಅವುಗಳನ್ನು ಜೋಡಿಸುವುದಿಲ್ಲ.

ಇನ್ನು ದಪ್ಪದ ಮಾತು. ಎರಡೂ ತುಂಡುಗಳನ್ನು ಅಕ್ಕಪಕ್ಕ ಹಾಸಿ, ಜೋಡಿಸುವ ಅಂಚುಗಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಉದ್ದಕ್ಕೂ ಸರಿಸುತ್ತಾ ಬನ್ನಿ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ತೆಳುವಾದ ಜಾಗಗಳಲ್ಲಿ ಬೆಳಕು ಹಾಯುವುದರಿಂದ ಅವು ಕೂಡಲೇ ಕಾಣುತ್ತವೆ. ಅಂಗಡಿಯಲ್ಲಿ ಸುತ್ತಿಟ್ಟಿದ್ದ ಹಾಳೆಯ ಹೊರ ಅಂಚು ಎಷ್ಟೋ ಬಾರಿ ಒತ್ತಿಹೋಗಿ ಒಳಭಾಗಕ್ಕಿಂತ ತೆಳುವಾಗಿರುತ್ತದೆ. ಅಂಥ ಅಂಚನ್ನು ಅರ್ಧ ಇಂಚು ಕತ್ತರಿಸಿ ತೆಗೆಯದೆ ಜೋಡಿಸಿದರೆ ಅಲ್ಲಿ ಕಾಲುವೆಯಂಥ ತಗ್ಗು ಉಳಿಯುತ್ತದೆ. ಬಣ್ಣವನ್ನೂ ಗಮನಿಸಬೇಕು. ಬಿಳಿಚಿಸಿದ ಹತ್ತಿಯ ಹಾಳೆಯನ್ನು ಹತ್ತಿಬೀಜದ ಸಿಪ್ಪೆಯ ಕಂದು ಚುಕ್ಕೆಗಳಿರುವ ಸಹಜ ಬಣ್ಣದ ಹಾಳೆಗೆ ಜೋಡಿಸಿ ಮೇಲೆ ತೆಳುವಾದ ಬಿಳಿ ಬಟ್ಟೆ ಹಾಕಿದರೆ, ಜೋಡಿಸಿದ ಗೆರೆ ಹೊರಗಿನಿಂದಲೇ ಕಾಣುತ್ತದೆ. ಮೇಲುಬಟ್ಟೆ ಗಾಢ ಬಣ್ಣದ್ದಾದರೆ ಈ ಯೋಚನೆ ಬೇಡ.

ದಿಕ್ಕು, ಮೇಲ್ಮೈ, ಮಡಿಕೆ

ಬ್ಯಾಟಿಂಗಿಗೂ ಬಟ್ಟೆಯಂತೆಯೇ ಒಂದು ದಿಕ್ಕಿದೆ. ತುಂಡನ್ನು ಎರಡೂ ಕೈಗಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ, ಆಮೇಲೆ ತಿರುಗಿಸಿ ಇನ್ನೊಂದು ಕಡೆಗೆ ಎಳೆದು ನೋಡಿ. ಒಂದು ಕಡೆಗೆ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡೆಗೆ ಬಿಗಿಯಾಗಿರುತ್ತದೆ. ಸಾಮಾನ್ಯವಾಗಿ ಹಾಳೆಯ ಉದ್ದಕ್ಕೆ ಬಿಗಿ ಹೆಚ್ಚು, ಅಗಲಕ್ಕೆ ಹಿಗ್ಗು ಹೆಚ್ಚು. ಜೋಡಿಸುವ ಎರಡು ತುಂಡುಗಳಲ್ಲಿ ಬಿಗಿ ದಿಕ್ಕು ಒಂದೇ ಕಡೆಗಿರಬೇಕು. ಒಂದು ತುಂಡು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಕೂತರೆ ನೇತುಹಾಕುವ ಕ್ವಿಲ್ಟಿನಲ್ಲಿ ಒಂದು ಭಾಗ ಮಾತ್ರ ದಿನಕಳೆದಂತೆ ಜೋತುಬೀಳುತ್ತದೆ. ದಿಕ್ಕು ಗೊತ್ತಾದ ಕೂಡಲೇ ನೀರಿನಲ್ಲಿ ಹೋಗುವ ಪೆನ್ನಿನಿಂದ ಮೂಲೆಯಲ್ಲಿ ಒಂದು ಬಾಣದ ಗುರುತು ಹಾಕಿಟ್ಟರೆ ಮುಂದೆ ಗೊಂದಲವಾಗುವುದಿಲ್ಲ.

ಮೇಲ್ಮೈಯೂ ಎರಡು ಬಗೆ. ಸಾವಿರಾರು ಸೂಜಿಗಳಿಂದ ಚುಚ್ಚಿ ಎಳೆಗಳನ್ನು ಹೆಣೆದ ಬ್ಯಾಟಿಂಗಿನಲ್ಲಿ ಸೂಜಿ ಒಳಹೊಕ್ಕ ಬದಿ ಸಣ್ಣ ಗುಳಿಗಳಿಂದ ನಯವಾಗಿಯೂ, ಹೊರಬಂದ ಬದಿ ಸಣ್ಣ ಗಂಟುಗಳಿಂದ ಸ್ವಲ್ಪ ಒರಟಾಗಿಯೂ ಇರುತ್ತದೆ. ಕೆಲವು ಹಾಳೆಗಳಲ್ಲಿ ಎಳೆಗಳು ಹಿಗ್ಗದಂತೆ ತೆಳ್ಳನೆಯ ಬಲೆಯಂಥ ಪದರವನ್ನೂ ಸೇರಿಸಿರುತ್ತಾರೆ, ಅದಕ್ಕೆ ಸ್ಕ್ರಿಮ್ ಎಂದು ಹೆಸರು. ಗುಳಿಗಳ ಬದಿ ಮೇಲಕ್ಕೆ, ಗಂಟು ಅಥವಾ ಸ್ಕ್ರಿಮ್ ಇರುವ ಬದಿ ಅಡಿಬಟ್ಟೆಯ ಕಡೆಗೆ ಬರಲಿ. ಹಾಗಿಟ್ಟರೆ ನಮ್ಮ ಸೂಜಿಯೂ ಕಾರ್ಖಾನೆಯ ಸೂಜಿ ಹೋದ ದಿಕ್ಕಿನಲ್ಲೇ ಹೋಗುತ್ತದೆ, ಎಳೆಗಳು ಮೇಲುಬಟ್ಟೆಯಿಂದ ಹೊರಗೆ ಇಣುಕುವುದು ಕಡಿಮೆಯಾಗುತ್ತದೆ. ಎರಡೂ ತುಂಡುಗಳು ಒಂದೇ ಬದಿಯನ್ನು ಮೇಲೆ ಮಾಡಿಕೊಂಡಿವೆಯೇ ಎಂದು ಹೊಲಿಯುವ ಮೊದಲು ಇನ್ನೊಮ್ಮೆ ನೋಡಿಕೊಳ್ಳಿ.

ಚೀಲದಲ್ಲಿ ತಿಂಗಳುಗಟ್ಟಲೆ ಮಡಿಸಿಟ್ಟ ತುಂಡುಗಳಲ್ಲಿ ಮಡಿಕೆಯ ಗೆರೆಗಳು ಬಿದ್ದಿರುತ್ತವೆ. ಹತ್ತಿಯಾದರೆ ನೀರನ್ನು ಹನಿಯಾಗಿ ಸಿಂಪಡಿಸಿ, ಹಾಸಿಗೆಯ ಮೇಲೆ ಹರಡಿ, ಕೈಯಿಂದ ಸವರಿ ಒಂದು ರಾತ್ರಿ ಬಿಟ್ಟರೆ ಗೆರೆ ಹೋಗುತ್ತದೆ. ಪಾಲಿಯೆಸ್ಟರಿಗೆ ಹರಡಿ ಬಿಡುವುದೊಂದೇ ಸಾಕು. ಬಿಸಿ ಇಸ್ತ್ರಿ ಮುಟ್ಟಿಸಬೇಡಿ. ಮಡಿಕೆ ಹೋಗುವ ಮೊದಲೇ ಅಳತೆ ಹಿಡಿದರೆ ಅಳತೆ ತಪ್ಪುತ್ತದೆ.

ಅಳತೆ ಮತ್ತು ಕತ್ತರಿ

ಮೊದಲಿನ ಉದಾಹರಣೆಗೇ ಬರೋಣ. ಕೂಸಿನ ಕ್ವಿಲ್ಟಿನ ಮೇಲುಬಟ್ಟೆ 36 ಇಂಚು ಅಗಲ, 45 ಇಂಚು ಉದ್ದವಿದೆ ಎಂದುಕೊಳ್ಳಿ. ಸುತ್ತಲೂ ಎರಡೆರಡು ಇಂಚು ಹೆಚ್ಚು ಬೇಕಾದ್ದರಿಂದ ಬ್ಯಾಟಿಂಗ್ 40 ಇಂಚು ಅಗಲ, 49 ಇಂಚು ಉದ್ದವಿರಬೇಕು. 24 ಇಂಚಿನ ಪಟ್ಟಿಯಿಂದ 50 ಇಂಚು ಉದ್ದದ ಎರಡು ತುಂಡುಗಳನ್ನು ಕತ್ತರಿಸಿಕೊಂಡು, ಅವುಗಳಲ್ಲಿ ಒಂದನ್ನು 24 ಇಂಚಿನ ಅಗಲಕ್ಕೇ ಬಿಟ್ಟು, ಇನ್ನೊಂದನ್ನು 17 ಇಂಚಿಗೆ ಇಳಿಸಿ. ಜೋಡಿಸುವ ಅಂಚುಗಳನ್ನು ಅರ್ಧರ್ಧ ಇಂಚು ಕತ್ತರಿಸಿ ನೇರಮಾಡಿದ ಮೇಲೆ ಒಟ್ಟು ಅಗಲ ಸರಿಯಾಗಿ 40 ಇಂಚು ಆಗುತ್ತದೆ. ಎರಡೂ ತುಂಡುಗಳು ಒಂದೇ ಪಟ್ಟಿಯವಾದ್ದರಿಂದ ದಿಕ್ಕು, ದಪ್ಪ, ಕುಗ್ಗುವಿಕೆ ಎಲ್ಲವೂ ಹೊಂದುತ್ತವೆ.

ಎರಡನ್ನೂ ಸಮ ಅಗಲಕ್ಕೆ ಮಾಡದೆ ಒಂದನ್ನು ಕಿರಿದಾಗಿ ಮಾಡಿದ್ದಕ್ಕೆ ಕಾರಣವಿದೆ. ಕ್ವಿಲ್ಟನ್ನು ಮಡಿಸಿಡುವಾಗ ಮೊದಲ ಮಡಿಕೆ ನಟ್ಟನಡುವೆ ಬೀಳುತ್ತದೆ. ಜೋಡಣೆಯೂ ಅಲ್ಲಿಯೇ ಇದ್ದರೆ ಪ್ರತಿ ಬಾರಿ ಮಡಿಸಿದಾಗಲೂ ಆ ಒಂದು ಗೆರೆಯ ಮೇಲೆಯೇ ಎಳೆತ ಬೀಳುತ್ತದೆ. ಮೂರು ನಾಲ್ಕು ಇಂಚು ಪಕ್ಕಕ್ಕೆ ಸರಿದರೂ ಸಾಕು. ಮೇಲುಬಟ್ಟೆಯಲ್ಲಿ ಉದ್ದಕ್ಕೆ ಹಾದುಹೋಗುವ ಹೊಲಿಗೆಯ ಕಚ್ಚು ಇದ್ದರೆ ಜೋಡಣೆ ಅದರ ಕೆಳಗೂ ಬಾರದಂತೆ ನೋಡಿಕೊಳ್ಳಬೇಕು. ಮೂರಕ್ಕಿಂತ ಹೆಚ್ಚು ತುಂಡುಗಳಿದ್ದರೆ ಮೊದಲು ಪಟ್ಟಿಗಳಾಗಿ ಜೋಡಿಸಿ, ಆಮೇಲೆ ಪಟ್ಟಿಗಳನ್ನು ಒಂದಕ್ಕೊಂದು ಸೇರಿಸಿ. ನಾಲ್ಕು ಮೂಲೆಗಳು ಒಂದೇ ಬಿಂದುವಿನಲ್ಲಿ ಕೂಡದೆ, ಇಟ್ಟಿಗೆಯ ಗೋಡೆಯಲ್ಲಿ ಸಂದುಗಳು ತಪ್ಪಿ ಕೂರುವಂತೆ ಕೂರಲಿ. ಆರು ಇಂಚಿಗಿಂತ ಕಿರಿದಾದ ತುಂಡುಗಳನ್ನು ಹಾಸಿ ಹೊದೆಯುವ ಕ್ವಿಲ್ಟಿಗೆ ನಾನು ಬಳಸುವುದಿಲ್ಲ, ಜೋಡಣೆಗಳು ಹೆಚ್ಚಾದಷ್ಟೂ ಹಾಳೆ ತನ್ನ ಸಹಜ ಮೆದುತನವನ್ನು ಕಳೆದುಕೊಳ್ಳುತ್ತದೆ.

ಕತ್ತರಿಸುವುದಕ್ಕೆ ಎರಡು ದಾರಿಗಳಿವೆ. ಅಂಚನ್ನು ಸ್ಕೇಲಿಟ್ಟು ನೇರವಾಗಿ ಕತ್ತರಿಸುವುದು ಒಂದು. ಉರುಳುವ ಬ್ಲೇಡಿನ ರೋಟರಿ ಕಟರ್ ಇದ್ದರೆ ಕೆಲಸ ಹಗುರ, ಇಲ್ಲದಿದ್ದರೆ ಹರಿತವಾದ ಉದ್ದ ಕತ್ತರಿ ಸಾಕು. ಮೊಂಡು ಕತ್ತರಿ ಬ್ಯಾಟಿಂಗನ್ನು ಕತ್ತರಿಸುವ ಬದಲು ಅಗಿದು ಎಳೆಗಳನ್ನು ಹೊರಗೆಳೆಯುತ್ತದೆ. ಇನ್ನೊಂದು ದಾರಿ ಅಲೆಯಾಕಾರದ ಕತ್ತರಿಕೆ. ಎರಡು ತುಂಡುಗಳನ್ನು ಎರಡು ಇಂಚು ಒಂದರ ಮೇಲೊಂದು ಏರಿಸಿ ಹಾಸಿ, ಗುಂಡುಸೂಜಿ ಹಾಕಿ, ಏರಿಸಿದ ಪಟ್ಟಿಯ ಒಳಗೇ ಮೆಲ್ಲಗೆ ಬಾಗಿ ಏಳುವ ಅಲೆಯ ಗೆರೆಯಂತೆ ಎರಡೂ ಪದರಗಳನ್ನು ಒಟ್ಟಿಗೆ ಕತ್ತರಿಸಬೇಕು. ಮೇಲಿನ ಚೂರನ್ನೂ ಕೆಳಗಿನ ಚೂರನ್ನೂ ತೆಗೆದರೆ ಎರಡು ಅಂಚುಗಳೂ ಒಂದರೊಳಗೊಂದು ಕೂರುತ್ತವೆ. ಜೋಡಣೆ ನೇರ ಗೆರೆಯಲ್ಲಿ ಇಲ್ಲದಿರುವುದರಿಂದ ಕಣ್ಣಿಗೂ ಕೈಗೂ ಸಿಗುವುದು ಕಡಿಮೆ, ಎಳೆತವೂ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ. ಆದರೆ ಅಲೆ ಕತ್ತರಿಕೆಗೆ ಎರಡು ಇಂಚು ಖರ್ಚಾಗುವುದರಿಂದ ಮೇಲಿನ ಲೆಕ್ಕದಲ್ಲಿ ಎರಡನೆಯ ತುಂಡನ್ನು 17ರ ಬದಲು 18 ಇಂಚು ಇಟ್ಟುಕೊಳ್ಳಬೇಕಾಗುತ್ತದೆ. ಅಲೆಗಳನ್ನು ಕಡಿದಾಗಿ ಮಾಡಬೇಡಿ. ಐದಾರು ಇಂಚಿಗೊಂದು ಏರು ಬಂದರೆ ಹೊಲಿಯುವುದು ಸುಲಭ.

ಕೈಹೊಲಿಗೆಯ ಜೋಡಣೆ

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಇರುವುದು ನೇರ ಹೊಲಿಗೆ ಮಾತ್ರ ಹಾಕುವ ಕರಿ ಮೆಷಿನ್. ಆದ್ದರಿಂದ ಕೈಹೊಲಿಗೆಯನ್ನೇ ಮೊದಲು ಹೇಳುತ್ತೇನೆ. ಇದು ನಿಧಾನದ ಕೆಲಸವೇನೂ ಅಲ್ಲ. 50 ಇಂಚಿನ ಜೋಡಣೆ ಒಂದು ಮಧ್ಯಾಹ್ನದೊಳಗೆ ಆರಾಮವಾಗಿ ಮುಗಿಯುತ್ತದೆ. ಫಲಿತಾಂಶ ಮಾತ್ರ ಯಾವ ಮೆಷಿನ್ನಿಗಿಂತಲೂ ಮೆತ್ತಗೆ ಬರುತ್ತದೆ.

ತುಂಡುಗಳನ್ನು ಮೇಜಿನ ಮೇಲೆ ಅಥವಾ ಗುಡಿಸಿ ಒರೆಸಿದ ನೆಲದ ಮೇಲೆ ಚಪ್ಪಟೆಯಾಗಿ ಹಾಸಿ, ಅಂಚಿಗೆ ಅಂಚು ತಾಗುವಂತೆ ಸರಿಸಿ. ತಾಗಿದರೆ ಸಾಕು, ಒತ್ತಿದರೆ ಏಣಾಗುತ್ತದೆ, ನಡುವೆ ನೆಲ ಕಂಡರೆ ತಗ್ಗಾಗುತ್ತದೆ. ತೊಡೆಯ ಮೇಲಿಟ್ಟು ಹೊಲಿದರೆ ತನ್ನ ಭಾರಕ್ಕೆ ತಾನೇ ಹಿಗ್ಗುವುದರಿಂದ ಹಾಸಿದ ಜಾಗದಲ್ಲೇ ಹೊಲಿಯಬೇಕು. ಬಿಳಿ ಅಥವಾ ಹಾಲುಬಣ್ಣದ ಸಾಮಾನ್ಯ ಹೊಲಿಗೆ ದಾರವನ್ನು ಮೊಳಕ್ಕಿಂತ ಸ್ವಲ್ಪ ಉದ್ದಕ್ಕೆ ಕತ್ತರಿಸಿ, ಒಂಟಿ ಎಳೆಯಾಗಿ ಪೋಣಿಸಿಕೊಳ್ಳಿ. ಇನ್ನೂ ಉದ್ದವಾದರೆ ದಾರ ಬ್ಯಾಟಿಂಗಿನ ಎಳೆಗಳಿಗೆ ಸಿಕ್ಕಿ ಗಂಟು ಬೀಳುತ್ತದೆ. ದಾರದ ತುದಿಗೆ ಗಂಟು ಹಾಕಬೇಡಿ. ಒಂದೇ ಜಾಗದಲ್ಲಿ ಎರಡು ಬಾರಿ ಸಣ್ಣದಾಗಿ ಚುಚ್ಚಿ ತೆಗೆದರೆ ದಾರ ನಿಲ್ಲುತ್ತದೆ.

ಈಗ ಹೊಲಿಗೆ. ಎಡ ತುಂಡಿನಲ್ಲಿ ಅಂಚಿನಿಂದ ಅರ್ಧ ಇಂಚು ಒಳಗೆ ಸೂಜಿಯನ್ನು ಚುಚ್ಚಿ, ಅಕ್ಕಿಕಾಳಿನಷ್ಟು ಉದ್ದದ ಎಳೆಗಳನ್ನು ಎತ್ತಿ ಹೊರತೆಗೆಯಿರಿ. ದಾರವನ್ನು ಓರೆಯಾಗಿ ಬಲ ತುಂಡಿಗೆ ಒಯ್ದು, ಅರ್ಧ ಇಂಚು ಮುಂದೆ, ಅಂಚಿನಿಂದ ಅರ್ಧ ಇಂಚು ಒಳಗೆ ಅದೇ ರೀತಿ ಎತ್ತಿ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಪ್ರತಿ ಬಾರಿ ಎಳೆಗಳನ್ನು ಎತ್ತುವಾಗ ಸೂಜಿಯ ಮೊನೆಯನ್ನು ಬಂದ ದಿಕ್ಕಿಗೆ ಹಿಂದಕ್ಕೆ ತೋರಿಸಿ ಹಿಡಿದರೆ ದಾರಗಳು ಅಂಚಿನ ಆಚೀಚೆ ಒಂದನ್ನೊಂದು ದಾಟಿ, ರವಿಕೆಯ ಅಂಚು ಮಡಿಸಿ ಹಾಕುವ ಹೆರಿಂಗ್‌ಬೋನ್ ಹೊಲಿಗೆಯಂತೆ ಕೂರುತ್ತವೆ. ಸೂಜಿ ಬ್ಯಾಟಿಂಗಿನ ದಪ್ಪದ ಅರ್ಧಕ್ಕಾದರೂ ಇಳಿಯಬೇಕು, ಮೇಲಿನ ನಾಲ್ಕು ಎಳೆಗಳನ್ನಷ್ಟೇ ಹಿಡಿದರೆ ಜೋಡಣೆ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ದಾರದ ಬಿಗಿ. ಬಟ್ಟೆ ಹೊಲಿದು ರೂಢಿಯಾದ ಕೈ ತಾನಾಗಿಯೇ ದಾರವನ್ನು ಎಳೆದು ಬಿಗಿ ಮಾಡುತ್ತದೆ, ಅದನ್ನು ಬುದ್ಧಿಪೂರ್ವಕವಾಗಿ ತಡೆಯಬೇಕು. ಹತ್ತು ಹೊಲಿಗೆ ಹಾಕಿದ ಮೇಲೆ ನಿಲ್ಲಿಸಿ, ಬೆರಳನ್ನು ಜೋಡಣೆಯ ಮೇಲೆ ಅಡ್ಡವಾಗಿ ಓಡಿಸಿ. ದಾರ ಬ್ಯಾಟಿಂಗಿನ ಮೇಲೆ ಸುಮ್ಮನೆ ಮಲಗಿದ್ದರೆ ಸರಿಯಿದೆ. ಅದು ಒಳಗೆ ಕಚ್ಚಿ ಅಂಚುಗಳು ಮೇಲೆದ್ದಿದ್ದರೆ ಬಿಗಿ ಹೆಚ್ಚಾಗಿದೆ, ಸೂಜಿಯ ಹಿಂಬದಿಯಿಂದ ದಾರವನ್ನು ಮೆಲ್ಲಗೆ ಎತ್ತಿ ಸಡಿಲಿಸಿ ಮುಂದುವರಿಯಿರಿ. ಮುಗಿದ ಮೇಲೆ ಹಾಳೆಯನ್ನು ತಿರುಗಿಸಿ, ಹಿಂಬದಿಯಲ್ಲಿ ಎಲ್ಲಾದರೂ ಬಾಯಿ ಬಿಟ್ಟಿದ್ದರೆ ಅಲ್ಲಿಗೆ ಮಾತ್ರ ಎರಡು ಮೂರು ಹೊಲಿಗೆ ಹಾಕಿ.

ಮೆಷಿನ್ನಿನಲ್ಲಿ ಜೋಡಿಸುವುದಾದರೆ

ಝಿಗ್‌ಜ್ಯಾಗ್ ಹೊಲಿಗೆ ಇರುವ ಮೆಷಿನ್ನಾದರೆ ಅದರ ಅಗಲವನ್ನು 5 ಮಿಲಿಮೀಟರಿಗೆ ಅಥವಾ ಅದಕ್ಕಿಂತ ಹೆಚ್ಚಿಗೆ, ಉದ್ದವನ್ನು ಎರಡೂವರೆಯಿಂದ 3 ಮಿಲಿಮೀಟರಿಗೆ ಇಟ್ಟುಕೊಳ್ಳಿ. ದಾರದ ಬಿಗಿಯನ್ನು ಒಂದು ಅಂಕಿ ಇಳಿಸಿ, ಪಾದದ ಒತ್ತಡವನ್ನು ಕಡಿಮೆ ಮಾಡುವ ಅನುಕೂಲವಿದ್ದರೆ ಅದನ್ನೂ ಇಳಿಸಿ. ಅಂಚಿಗೆ ಅಂಚು ತಾಗಿಸಿ, ತಾಗಿದ ಗೆರೆ ಪಾದದ ನಟ್ಟನಡುವೆ ಬರುವಂತೆ ಹಿಡಿದು, ಸೂಜಿ ಒಮ್ಮೆ ಎಡ ತುಂಡಿಗೂ ಒಮ್ಮೆ ಬಲ ತುಂಡಿಗೂ ಬೀಳುವಂತೆ ಹೊಲಿಯಬೇಕು. ಹಿಂದಿನಿಂದ ಎಳೆಯಬಾರದು, ಮುಂದಿನಿಂದ ನೂಕಲೂಬಾರದು. ಎಳೆದರೆ ಜೋಡಣೆ ಕರಿದ ಹಪ್ಪಳದ ಅಂಚಿನಂತೆ ಅಲೆಅಲೆಯಾಗಿ ಎದ್ದುಬಿಡುತ್ತದೆ, ಆಮೇಲೆ ಎಷ್ಟು ಸವರಿದರೂ ಕೂರುವುದಿಲ್ಲ. ಮೇಲಿನ ಪದರವನ್ನೂ ಒಟ್ಟಿಗೆ ಸಾಗಿಸುವ ವಾಕಿಂಗ್ ಫುಟ್ ಇದ್ದರೆ ಈ ತೊಂದರೆ ಬಹಳ ಕಡಿಮೆ. ಉಳಿದ ಹಾಳೆ ಮೇಜಿನಿಂದ ಕೆಳಗೆ ಜೋತಾಡದಂತೆ ಪಕ್ಕದಲ್ಲಿ ಕುರ್ಚಿಯೊಂದನ್ನು ಇಟ್ಟುಕೊಳ್ಳಿ. ಕೆಲಸ ಮುಗಿದ ಕೂಡಲೇ ಬಾಬಿನ್ ಕೇಸಿನ ಸುತ್ತ ತುಂಬಿರುವ ಹತ್ತಿಯ ಧೂಳನ್ನು ಬ್ರಷ್ಷಿನಿಂದ ತೆಗೆಯಬೇಕು.

ನೇರ ಹೊಲಿಗೆಯ ಮೆಷಿನ್ ಮಾತ್ರ ಇದ್ದು ಕೈಯಲ್ಲಿ ಹೊಲಿಯಲು ಆಗದಿದ್ದರೆ, ಹಳೆಯ ತೆಳು ಪಂಚೆಯಿಂದ ಒಂದೂವರೆ ಇಂಚು ಅಗಲದ ಪಟ್ಟಿಯನ್ನು ಕತ್ತರಿಸಿಕೊಳ್ಳಿ. ತಾಗಿಸಿಟ್ಟ ಅಂಚುಗಳ ಮೇಲೆ ಈ ಪಟ್ಟಿಯನ್ನು ಸೇತುವೆಯಂತೆ ಹಾಸಿ, ಗುಂಡುಸೂಜಿ ಹಾಕಿ, ಪಟ್ಟಿಯ ಎರಡೂ ಬದಿಗೆ ಅಂಚಿನಿಂದ ಕಾಲು ಇಂಚು ಒಳಗೆ ಉದ್ದ ಹೊಲಿಗೆಯ ಒಂದೊಂದು ಸಾಲು ಹಾಕಿದರೆ ಸಾಕು. ಪಟ್ಟಿಯ ಅಂಚನ್ನು ಮಡಿಸಬೇಡಿ, ಮಡಿಸಿದರೆ ಏಣಾಗುತ್ತದೆ. ಹೊಸ ಬಟ್ಟೆಯೂ ಬೇಡ. ಹಳೆಯ ಪಂಚೆ ನೂರಾರು ಒಗೆತಗಳಲ್ಲಿ ಕುಗ್ಗುವಷ್ಟೂ ಕುಗ್ಗಿರುವುದರಿಂದ ಇಲ್ಲಿಗೆ ಅದೇ ಸರಿ. ಈ ಜೋಡಣೆ ಕೈಹೊಲಿಗೆಯಷ್ಟು ಮೆತ್ತಗಿರುವುದಿಲ್ಲ, ಆದರೆ ಬಹಳ ಗಟ್ಟಿ. ಪಟ್ಟಿಯ ಬದಿಯನ್ನು ಅಡಿಬಟ್ಟೆಯ ಕಡೆಗೆ ಇಡಬೇಕು.

ಇಸ್ತ್ರಿಯ ಬಿಸಿಗೆ ಅಂಟುವ ಪಟ್ಟಿಗಳೂ ಬ್ಯಾಟಿಂಗ್ ಜೋಡಿಸಲೆಂದೇ ಸುರುಳಿಯಾಗಿ ಸಿಗುತ್ತವೆ. ಸಿಗದ ಕಡೆ ಬಿಸಿಗೆ ಅಂಟುವ ಒಳಬಟ್ಟೆಯಾದ ಫ್ಯೂಸಿಂಗಿನಲ್ಲಿ ತೀರಾ ತೆಳುವಾದದ್ದನ್ನು ಒಂದೂವರೆ ಇಂಚಿನ ಪಟ್ಟಿಯಾಗಿ ಕತ್ತರಿಸಿ ಬಳಸಬಹುದು. ಕಾಲರಿಗೆ ಹಾಕುವ ಗಟ್ಟಿ ಕ್ಯಾನ್ವಾಸ್ ಮಾತ್ರ ಬೇಡ. ಹತ್ತಿಯ ಬ್ಯಾಟಿಂಗಿಗೆ ಇದು ಬೇಗನೆ ಆಗುವ ಕೆಲಸ. ಮೇಲೊಂದು ತೆಳುಬಟ್ಟೆ ಹಾಕಿ, ಇಸ್ತ್ರಿಪೆಟ್ಟಿಗೆಯನ್ನು ಉಜ್ಜದೆ, ಒಂದೊಂದೇ ಜಾಗದಲ್ಲಿ ಕೆಲವು ಸೆಕೆಂಡು ಒತ್ತಿ ಎತ್ತುತ್ತಾ ಹೋಗಿ. ಪಾಲಿಯೆಸ್ಟರಿನ ಬ್ಯಾಟಿಂಗಿಗೆ ಈ ವಿಧಾನವನ್ನು ನಾನು ಯಾರಿಗೂ ಹೇಳುವುದಿಲ್ಲ, ಬಿಸಿಗೆ ಅದು ಕುಸಿದು ಕಾಗದದಂತೆ ಚಪ್ಪಟೆಯಾದರೆ ಮತ್ತೆ ಏಳುವುದಿಲ್ಲ. ಗೋಂದು, ಫೆವಿಕಾಲ್ ಮುಂತಾದುವೂ ಬೇಡ. ಒಣಗಿದ ಮೇಲೆ ಗಟ್ಟಿಯಾಗಿ ಸೂಜಿಗೆ ಅಡ್ಡ ಬರುತ್ತವೆ.

ದಪ್ಪಗೆ ಉಬ್ಬಿದ ಪಾಲಿಯೆಸ್ಟರ್ ಅಥವಾ ಉಣ್ಣೆಯ ಹಾಳೆಗೆ ಬೇರೆಯೇ ಕ್ರಮ ಬೇಕು. ಒಂದು ಇಂಚು ದಪ್ಪದ ಹಾಳೆಯನ್ನು ನೇರವಾಗಿ ಕತ್ತರಿಸಿ ಅಂಚು ತಾಗಿಸಿದರೆ ನಡುವಿನ ಸಂದು ಬೇಗ ಬಾಯಿ ಬಿಡುತ್ತದೆ. ಇಲ್ಲಿ ಕತ್ತರಿ ಬಿಟ್ಟು ಬೆರಳಿನಿಂದಲೇ ಕೆಲಸ ಮಾಡಬೇಕು. ಒಂದು ತುಂಡಿನ ಅಂಚಿನಲ್ಲಿ ಎರಡು ಇಂಚು ಅಗಲಕ್ಕೆ ಮೇಲಿನ ಅರ್ಧ ದಪ್ಪವನ್ನೂ, ಇನ್ನೊಂದರಲ್ಲಿ ಕೆಳಗಿನ ಅರ್ಧ ದಪ್ಪವನ್ನೂ ಹಿಂಜಿ ತೆಗೆದು, ಅಂಚಿನ ಕಡೆಗೆ ಹೋದಂತೆ ತೆಳುವಾಗುವ ಹಾಗೆ ಮಾಡಿ, ಒಂದರ ಮೇಲೊಂದನ್ನು ಕೂರಿಸಿದರೆ ಒಟ್ಟು ದಪ್ಪ ಎಲ್ಲ ಕಡೆ ಒಂದೇ ಆಗುತ್ತದೆ. ಅದರ ಮೇಲೆ ಉದ್ದುದ್ದ ಹೊಲಿಗೆಗಳನ್ನು ಸಡಿಲವಾಗಿ ಹಾಕಿ ಹಿಡಿಸಬೇಕು. ರಜಾಯಿಯಿಂದ ತೆಗೆದ ಹಿಂಜಿದ ಹತ್ತಿಗೂ ಹಾಳೆಯ ರೂಪವೇ ಇಲ್ಲವಾದ್ದರಿಂದ ಹೀಗೆ ಹಿಂಜಿ ಬೆಸೆಯುವುದೊಂದೇ ದಾರಿ.

ಪದರಗಳನ್ನು ಕೂಡಿಸುವಾಗ

ಜೋಡಿಸಿದ ಹಾಳೆಯನ್ನು ಮಡಿಸದೆ, ಬಟ್ಟೆ ಸುತ್ತುವ ರಟ್ಟಿನ ಕೊಳವೆಗೆ ಸುತ್ತಿಡಿ. ಅಡಿಬಟ್ಟೆಯ ಮೇಲೆ ಹಾಸುವಾಗ ಜೋಡಣೆಯನ್ನು ಎರಡೂ ಬದಿಗೆ ಎಳೆಯದೆ, ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ ಕೂರಿಸಬೇಕು. ಕಚ್ಚಾ ಹೊಲಿಗೆ ಅಥವಾ ಸೇಫ್ಟಿ ಪಿನ್ನುಗಳನ್ನು ಜೋಡಣೆಯ ಎರಡೂ ಬದಿಗೆ, ಉಳಿದ ಕಡೆಗಿಂತ ಹತ್ತಿರ ಹತ್ತಿರ ಹಾಕಿ.

ಕ್ವಿಲ್ಟಿಂಗ್ ಸಾಲುಗಳ ನಡುವೆ ಎಷ್ಟು ಅಂತರ ಬಿಡಬಹುದು ಎನ್ನುವುದು ಬ್ಯಾಟಿಂಗಿನ ಬಗೆಯನ್ನು ಅವಲಂಬಿಸಿದೆ. ಸ್ಕ್ರಿಮ್ ಇರುವ ವಾರ್ಮ್ ಅಂಡ್ ನ್ಯಾಚುರಲ್ ಹಾಳೆಗೆ ಅದನ್ನು ತಯಾರಿಸುವವರು 10 ಇಂಚಿನವರೆಗೆ ಅಂತರ ಬಿಡಬಹುದು ಎನ್ನುತ್ತಾರೆ, ಹಾಬ್ಸ್ ಕಂಪನಿಯ 80/20 ಮಿಶ್ರಣಕ್ಕೆ 4 ಇಂಚು. ಆದರೆ ಈ ಅಂಕಿಗಳೆಲ್ಲ ಇಡೀ ಹಾಳೆಗೆ ಹೇಳಿದಂಥವು. ಜೋಡಿಸಿದ ಹಾಳೆಯಲ್ಲಿ, ಬ್ಯಾಟಿಂಗ್ ಯಾವುದೇ ಇರಲಿ, ಜೋಡಣೆಯ ಆಸುಪಾಸಿನಲ್ಲಿ ಮೂರು ಇಂಚಿಗಿಂತ ಹೆಚ್ಚು ಅಂತರ ಬಿಡದಿರುವುದು ಕ್ಷೇಮ. ಸಾಲುಗಳು ಜೋಡಣೆಯ ಪಕ್ಕದಲ್ಲಿ ಸಮಾನಾಂತರವಾಗಿ ಹೋಗುವುದಕ್ಕಿಂತ ಅದನ್ನು ಅಡ್ಡವಾಗಿ ಅಥವಾ ಓರೆಯಾಗಿ ದಾಟಿದರೆ ಎರಡೂ ತುಂಡುಗಳನ್ನು ಒಂದೇ ದಾರ ಹಿಡಿದಂತಾಗುತ್ತದೆ. ಹಾಗಾಗಿ ಓರೆ ಚೌಕಗಳ ವಿನ್ಯಾಸ ಈ ಬಗೆಯ ಕ್ವಿಲ್ಟಿಗೆ ಚೆನ್ನಾಗಿ ಒಗ್ಗುತ್ತದೆ.

ಕೊನೆಗೂ ಉಳಿಯುವ ಚೂರುಗಳಲ್ಲಿ ಹತ್ತಿಯದನ್ನೂ ಪಾಲಿಯೆಸ್ಟರಿನದನ್ನೂ ಬೇರೆ ಬೇರೆ ಚೀಲಗಳಲ್ಲಿ ಹಾಕಿ, ಬಗೆ ಮತ್ತು ಬಿಗಿ ದಿಕ್ಕನ್ನು ಬರೆದ ಚೀಟಿಯನ್ನು ಪಿನ್ನಿನಿಂದ ಸಿಕ್ಕಿಸಿಡಿ. ಹತ್ತಿಯ ಎಂಟು ಇಂಚಿನ ಚೌಕಗಳನ್ನು ಎರಡು ಪದರ ಹಾಕಿದರೆ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಗೆ ಒದಗುತ್ತವೆ. ಪಾಲಿಯೆಸ್ಟರ್ ಬಿಸಿಗೆ ಕರಗುವುದರಿಂದ ಒಲೆಯ ಹತ್ತಿರದ ಯಾವ ವಸ್ತುವಿಗೂ ಅದನ್ನು ಬಳಸಬಾರದು. ಅದನ್ನು ಸಣ್ಣಗೆ ಕತ್ತರಿಸಿ ಮಕ್ಕಳ ಬಟ್ಟೆಗೊಂಬೆಗೋ ಸೂಜಿ ಚುಚ್ಚಿಡುವ ದಿಂಬಿಗೋ ತುಂಬಿ.